ಕ್ವಾಡ್ ಎಣಿಸುವುದು ಬಿಡಿ, ಆಕ್ಸೆಲ್‌ಗೆ ಮುಂಚಿನ ಮೂರು ಸೆಕೆಂಡ್ ನೋಡಿ

ಫಿಗರ್ ಸ್ಕೇಟಿಂಗ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ. ಉತ್ತರಿಸದೆ ಬಿಟ್ಟರೆ ಮುಂದಿನ ತಿಂಗಳು ಇನ್ನೂ ಹತ್ತು ಬರುತ್ತವೆ. ಅದಕ್ಕೇ ಈ ಸಲ ಅದಕ್ಕೆ ಜಾಸ್ತಿ ಜಾಗ. ಉಳಿದವರು ಸ್ವಲ್ಪ ಸಹಿಸಿಕೊಳ್ಳಿ.

ಪ್ರಶ್ನೆ: ಅಮೆರಿಕದ ನೇಥನ್ ಚೆನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನ ಶಾರ್ಟ್ ಪ್ರೋಗ್ರಾಂನಲ್ಲಿ (ಸ್ಪರ್ಧೆಯ ಮೊದಲ, ಚಿಕ್ಕ ಭಾಗ) 113.97 ಅಂಕ ತೆಗೆದರು. ಜಪಾನಿನ ಯುಜುರು ಹನ್ಯೂ 2018ರ ಪ್ಯೊಂಗ್‌ಚಾಂಗ್‌ನಲ್ಲಿ ತೆಗೆದದ್ದು 111.68. ಆದರೂ 'ಮಾಸ್ಟರ್‌ಪೀಸ್' ಅಂದ ಕೂಡಲೇ ಎಲ್ಲರೂ ಹನ್ಯೂ ಅವರ ಶೋಪ್ಯಾನ್ ಸಂಗೀತದ ಪ್ರೋಗ್ರಾಂ ಹೆಸರನ್ನೇ ಎತ್ತುತ್ತಾರೆ. ಇದು ಬರೀ ಅಭಿಮಾನಿಗಳ ಹುಚ್ಚು ಅಲ್ವಾ?

ಉತ್ತರ: ಮೊದಲು ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವುದು ನಿಲ್ಲಿಸಿ. 2018ರ ಆ ಒಲಿಂಪಿಕ್ಸ್‌ನಲ್ಲಿ ಪ್ರತಿ ಅಂಶದ ಗುಣಮಟ್ಟಕ್ಕೆ ತೀರ್ಪುಗಾರರು ಮೈನಸ್ 3ರಿಂದ ಪ್ಲಸ್ 3ರವರೆಗೆ ಕೊಡುತ್ತಿದ್ದರು. ಮುಂದಿನ ಸೀಸನ್‌ನಿಂದ ಅದು ಮೈನಸ್ 5ರಿಂದ ಪ್ಲಸ್ 5 ಆಯಿತು. ಜಂಪ್‌ಗಳ ಮೂಲ ಬೆಲೆ ಬದಲಾಯಿತು. ದ್ವಿತೀಯಾರ್ಧದ ಎಲ್ಲ ಜಂಪ್‌ಗೂ ಸಿಗುತ್ತಿದ್ದ ಶೇ 10ರ ಬೋನಸ್, ಶಾರ್ಟ್‌ನಲ್ಲಿ ಕೊನೆಯ ಜಂಪ್‌ಗೆ ಮಾತ್ರ ಅಂತಾಯಿತು. ಒಂದನ್ನು ಸೇರಿನಲ್ಲಿ ಅಳೆದು ಇನ್ನೊಂದನ್ನು ಕಿಲೋದಲ್ಲಿ ತೂಗಿ, ಯಾವುದು ಜಾಸ್ತಿ ಅಂತ ನನ್ನನ್ನು ಕೇಳಬೇಡಿ.

ಇನ್ನು ಮಾಸ್ಟರ್‌ಪೀಸ್ ವಿಷಯ. ಶಾರ್ಟ್ ಪ್ರೋಗ್ರಾಂ ಅಂದರೆ 2 ನಿಮಿಷ 40 ಸೆಕೆಂಡ್. ಹತ್ತು ಸೆಕೆಂಡ್ ಆಚೀಚೆ ಆದರೆ ನಡೆಯುತ್ತದೆ. ಮಾಡಬೇಕಾದ್ದು ಏಳು: ಒಂದು ಆಕ್ಸೆಲ್, ಇನ್ನೊಂದು ಬಿಡಿ ಜಂಪ್, ಒಂದು ಕಾಂಬಿನೇಷನ್ (ಬೆನ್ನುಬೆನ್ನಿಗೆ ಎರಡು ಜಂಪ್), ಮೂರು ಸ್ಪಿನ್, ಒಂದು ಸ್ಟೆಪ್ ಸೀಕ್ವೆನ್ಸ್ (ಹೆಜ್ಜೆ, ತಿರುವುಗಳ ಸಾಲು). ಎಲ್ಲರಿಗೂ ಅದೇ ಏಳು. ಉದ್ದದ ಫ್ರೀ ಸ್ಕೇಟ್‌ನಲ್ಲಿ ಉಸಿರು ಬಿಡಲು, ಎಡವಿದ್ದನ್ನು ಸರಿಪಡಿಸಿಕೊಳ್ಳಲು ಜಾಗ ಇರುತ್ತದೆ. ಇಲ್ಲಿ ಹೆಚ್ಚೆಂದರೆ ಬಿಟ್ಟುಹೋದ ಕಾಂಬಿನೇಷನ್ ಅನ್ನು ಮುಂದಿನ ಜಂಪ್‌ಗೆ ಅಂಟಿಸಬಹುದು. ಹಾಗಾಗಿ ಬಹಳಷ್ಟು ಶಾರ್ಟ್ ಪ್ರೋಗ್ರಾಂಗಳು ಸಾಮಾನಿನ ಪಟ್ಟಿಯ ಹಾಗೆ ಕಾಣುತ್ತವೆ. ಜಂಪ್ ಆಯ್ತು, ಟಿಕ್. ಸ್ಪಿನ್ ಆಯ್ತು, ಟಿಕ್. ಹಿಂದೆ ಸಂಗೀತ ಸುಮ್ನೆ ಓಡುತ್ತಿರುತ್ತದೆ.

ಪಟ್ಟಿ ಕಣ್ಣಿಗೆ ಬೀಳದ ಹಾಗೆ ಮಾಡಿದವರದ್ದೇ ಮಾಸ್ಟರ್‌ಪೀಸ್. ಅದನ್ನು ಹೇಗೆ ಕಂಡುಹಿಡಿಯುವುದು? ಆಕ್ಸೆಲ್ ನೋಡಿ. ಮುಂದಕ್ಕೆ ಮುಖ ಮಾಡಿ ಹಾರುವ ಜಂಪ್ ಅದೊಂದೇ. ಹಾಗಾಗಿ ಟ್ರಿಪಲ್ ಅಂದರೆ ಗಾಳಿಯಲ್ಲಿ ಮೂರೂವರೆ ಸುತ್ತು. ಹೆದರಿಕೆಯ ಜಂಪ್. ಸಾಮಾನ್ಯವಾಗಿ ಸ್ಕೇಟರ್ ಬಲಗಾಲಿನ ಮೇಲೆ ಹಿಮ್ಮುಖವಾಗಿ ತುಂಬ ದೂರ ಜಾರುತ್ತಾನೆ. ಭುಜದ ಮೇಲಿಂದ ಹಿಂದೆ ನೋಡುತ್ತಾನೆ. ತೋಳು ಹಿಂದಕ್ಕೆಳೆದು, ಎಡಗಾಲಿಗೆ ಮುಂದಕ್ಕೆ ಹೆಜ್ಜೆ ಹಾಕಿ ಹಾರುತ್ತಾನೆ. ಆ ಮೂರು ನಾಲ್ಕು ಸೆಕೆಂಡ್ ಪ್ರೋಗ್ರಾಂ ನಿಂತೇಹೋಗಿರುತ್ತದೆ. 'ಈಗ ಹಾರ್ತೀನಿ' ಅಂತ ಬೋರ್ಡ್ ಹಾಕಿದ ಹಾಗೆ.

ಹನ್ಯೂ ಏನು ಮಾಡುತ್ತಾರೆ ನೋಡಿ. ಎಡಗಾಲಿನ ಮೇಲೆ ಹಿಮ್ಮುಖವಾಗಿ ಬರುತ್ತಾರೆ. ಅದೇ ಕಾಲಿನ ಮೇಲೆ, ಬ್ಲೇಡ್‌ನ ಅದೇ ಹೊರ ಅಂಚಿನಲ್ಲಿ, ಸರಕ್ಕನೆ ಮುಂದಕ್ಕೆ ತಿರುಗುತ್ತಾರೆ. ಈ ತಿರುವಿಗೆ ಬ್ಯಾಕ್ ಕೌಂಟರ್ ಅಂತ ಹೆಸರು. ತಿರುಗಿದ ಕಾಲಿನಿಂದಲೇ ಹಾರಿಬಿಡುತ್ತಾರೆ. ನಡುವೆ ಕಾಲು ಬದಲಿಸುವುದಿಲ್ಲ, ತಳ್ಳು ತೆಗೆದುಕೊಳ್ಳುವುದಿಲ್ಲ. ಬಲಗಾಲಿನ ಮೇಲೆ ಇಳಿದು, ನಿಂತು ಕೈ ಚಾಚಿ ಚಪ್ಪಾಳೆಗೆ ಕಾಯುವುದೂ ಇಲ್ಲ. ಇಳಿದ ಕಾಲಿನ ಮೇಲೇ ಮತ್ತೆ ತಿರುಗುತ್ತಾ ಮುಂದೆ ಹೋಗುತ್ತಾರೆ. ಜಂಪ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಇದನ್ನು ರಿಂಕ್ ಪಕ್ಕ ಕೂತು ನೋಡಿದರೆ ಬ್ಲೇಡ್‌ನ ಸದ್ದೂ ಕಡಿಮೆ. ಐಸ್ ಕೆರೆಯುವ ಕರ್ರ್ ಸದ್ದು ಬಂದರೆ ಅಂಚು ಸರಿ ಇಲ್ಲ ಅಂತ ಅರ್ಥ. ಟೀವಿಯಲ್ಲಿ ಇದು ಗೊತ್ತಾಗಲ್ಲ, ಏನು ಮಾಡುವುದು.

ಶೋಪ್ಯಾನ್‌ನ ಮೊದಲ ಬಲಾಡ್ ಅನ್ನುವ ಪಿಯಾನೋ ಕೃತಿ ಆ ಪ್ರೋಗ್ರಾಂನ ಸಂಗೀತ. ಪೂರ್ತಿ ನುಡಿಸಿದರೆ ಸುಮಾರು ಒಂಬತ್ತು ನಿಮಿಷ. ಅದನ್ನು ಸುಮಾರು ಎರಡೂ ಮುಕ್ಕಾಲು ನಿಮಿಷಕ್ಕೆ ಕತ್ತರಿಸಿದರೂ ಕತ್ತರಿ ಆಡಿದ್ದು ತಿಳಿಯುವುದಿಲ್ಲ. ಹೆಜ್ಜೆ ಜೋಡಿಸಿದವರು ಜೆಫ್ರಿ ಬಟಲ್, ಅವರೂ ಹಳೆಯ ವಿಶ್ವ ಚಾಂಪಿಯನ್. ಶುರುವಿನಲ್ಲಿ ಹನ್ಯೂ ಅಲುಗಾಡದೆ ನಿಲ್ಲುತ್ತಾರೆ. ಒಂದೊಂದು ಸೆಕೆಂಡಿಗೂ ಬೆಲೆ ಇರುವ ಕಡೆ ಸುಮ್ಮನೆ ನಿಲ್ಲಲು ಧೈರ್ಯ ಬೇಕು. ಪ್ಯೊಂಗ್‌ಚಾಂಗ್‌ನಲ್ಲಿ ಮೊದಲ ಕ್ವಾಡ್ ಸಾಲ್ಕೋ (ಕ್ವಾಡ್ ಅಂದರೆ ನಾಲ್ಕು ಸುತ್ತಿನ ಜಂಪ್, ಸಾಲ್ಕೋ ಜಂಪ್‌ನ ಒಂದು ಬಗೆ) ಆದ ಮೇಲೆ ಎರಡು ಸ್ಪಿನ್ ಮುಗಿಸಿ, ಉಳಿದೆರಡು ಜಂಪ್‌ಗಳನ್ನು ದ್ವಿತೀಯಾರ್ಧಕ್ಕೆ ಇಟ್ಟರು. ಪಿಯಾನೋ ಕೊನೆಗೆ ಬಿರುಗಾಳಿಯಾಗುವಾಗ ಸ್ಟೆಪ್ ಸೀಕ್ವೆನ್ಸ್. ಕಾಲು ಸುಸ್ತಾಗಿರುವಾಗ ಅತಿ ವೇಗದ ಹೆಜ್ಜೆ! ಅದಕ್ಕೆ ಮೂರು ತಿಂಗಳ ಹಿಂದೆ ಬಲ ಕಣಕಾಲಿನ ಲಿಗಮೆಂಟ್ ಪೆಟ್ಟಾಗಿ, ಅಲ್ಲಿಯವರೆಗೆ ಒಂದೂ ಸ್ಪರ್ಧೆ ಆಡದೆ ಬಂದಿದ್ದರು. ಆದರೆ ಆ ಕಥೆಗೆ ನಾನು ಅಂಕ ಕೊಡುವುದಿಲ್ಲ. ಕಣ್ಣೀರಿನ ಕಥೆ ಕೇಳಿ ಪ್ರೋಗ್ರಾಂ ಚೆನ್ನಾಗಿದೆ ಅನ್ನುವವರ ಕಾಟ ಬೇರೆ.

ನಿಜವಾದ ಪರೀಕ್ಷೆ ನಡೆದದ್ದು 2022ರಲ್ಲಿ. ಬೀಜಿಂಗ್‌ನಲ್ಲಿ, ಬೇರೆ ಸಂಗೀತಕ್ಕೆ, ಮೊದಲ ಜಂಪ್‌ಗೇ ಹನ್ಯೂ ಬ್ಲೇಡ್ ಐಸ್‌ನಲ್ಲಿದ್ದ ಗುಂಡಿಗೆ ಸಿಕ್ಕಿತು. ಕ್ವಾಡ್ ಆಗಬೇಕಿದ್ದ ಸಾಲ್ಕೋ ಒಂದೇ ಸುತ್ತಾಯಿತು. ಶಾರ್ಟ್‌ನಲ್ಲಿ ಅದಕ್ಕೆ ಸೊನ್ನೆ, ಅರ್ಧ ಅಂಕವೂ ಇಲ್ಲ. ಮುಂದಿನದ್ದು ನೋಡಿ: ಮುಖ ಬಾಡಲಿಲ್ಲ, ಹೆಜ್ಜೆ ತಡವಾಗಲಿಲ್ಲ. ಏಳರಲ್ಲಿ ಒಂದು ಪೂರ್ತಿ ಹೋದರೂ 95.15 ಬಂತು. ದೊಡ್ಡ ಜಂಪ್ ಕಿತ್ತರೂ ಉಳಿದದ್ದು ನಿಂತುಕೊಳ್ಳುತ್ತದೆಯೇ? ನಾನು ಕೇಳುವುದು ಇಷ್ಟೇ.

ಅದೇ ದಿನ ಅಮೆರಿಕದ ಜೇಸನ್ ಬ್ರೌನ್ ಒಂದೂ ಕ್ವಾಡ್ ಇಲ್ಲದೆ 97.24 ತೆಗೆದರು. ರೋಹೀನ್ ವಾರ್ಡ್ ಹೆಣೆದ 'ಸಿನ್ನರ್‌ಮನ್'. ಕ್ವಾಡ್ ಎಣಿಸುವವರು ಅದನ್ನು ಮೂರು ಸಲ ನೋಡಲಿ. ಹಳೆಯದು ಬೇಕಾದರೆ 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ರಷ್ಯಾದ ಅಲೆಕ್ಸಿ ಯಾಗುಡಿನ್ ಅವರ 'ವಿಂಟರ್' ನೋಡಿ. ಬ್ಲೇಡ್‌ನ ತುದಿಯ ಮೇಲೆ ಓಡುವ ಆ ಹೆಜ್ಜೆಗಳಿಗೆ ಇಂದಿನ ಪಟ್ಟಿಯಲ್ಲಿ ದೊಡ್ಡ ಬೆಲೆ ಸಿಗದೇ ಇರಬಹುದು. ನೆನಪಿನಲ್ಲಿ ಉಳಿದದ್ದು ಅವೇ.

ಚೆನ್ ಅಭಿಮಾನಿಗಳು ಕೋಪಿಸಿಕೊಳ್ಳಬೇಡಿ. ಬೀಜಿಂಗ್‌ನಲ್ಲಿ ಅವರು ಮಾಡಿದ 'ಲಾ ಬೊಹೆಮ್' ಚೆನ್ನಾಗಿದೆ. ಕ್ವಾಡ್ ಫ್ಲಿಪ್, ಕೊನೆಗೆ ಕ್ವಾಡ್ ಲಟ್ಜ್ ಜೊತೆ ಟ್ರಿಪಲ್ ಟೋ (ಫ್ಲಿಪ್, ಲಟ್ಜ್, ಟೋ ಮೂರೂ ಜಂಪ್‌ನ ಬಗೆಗಳು), ಎರಡೂ ಶುದ್ಧ. 2018ರಲ್ಲಿ ಇದೇ ಶಾರ್ಟ್‌ನಲ್ಲಿ ಮುಗ್ಗರಿಸಿ 82.27ಕ್ಕೆ ಕುಸಿದ ಹುಡುಗ ನಾಲ್ಕು ವರ್ಷದಲ್ಲಿ ಇಲ್ಲಿಗೆ ಬಂದದ್ದು ಸಣ್ಣ ಮಾತಲ್ಲ. ನನ್ನ ಕಣ್ಣಿಗೆ ಮಾತ್ರ ಲಟ್ಜ್‌ಗೆ ಮುಂಚಿನ ಆ ಉದ್ದದ ಜಾರುವಿಕೆ ಚುಚ್ಚುತ್ತದೆ. ನಿಮಗೆ ಚುಚ್ಚದಿದ್ದರೆ ಸಂತೋಷ.

ಪ್ರಶ್ನೆ: ಬಟ್ಟೆಗೆ ಅಂಕ ಇದೆಯಾ?

ಉತ್ತರ: ಇಲ್ಲ. ಅಲಂಕಾರದ ತುಣುಕು ಉದುರಿ ಐಸ್ ಮೇಲೆ ಬಿದ್ದರೆ ಅಂಕ ಹೋಗುತ್ತದೆ.

ಪ್ರಶ್ನೆ: ಸಾಹಿತ್ಯ ಇರುವ ಹಾಡು ತೆಗೆದುಕೊಂಡರೆ ಭಾವ ಜಾಸ್ತಿ ಬರುತ್ತದೆ ಅಲ್ವಾ?

ಉತ್ತರ: 2014-15ರ ಸೀಸನ್‌ನಿಂದ ಅದಕ್ಕೆ ಅನುಮತಿ ಸಿಕ್ಕಿದೆ. ಅಂದಿನಿಂದ ಗಾಯಕರು ಅಳುತ್ತಾರೆ, ಸ್ಕೇಟರ್ ಎದೆ ಮುಟ್ಟಿಕೊಳ್ಳುತ್ತಾನೆ.

ಪ್ರಶ್ನೆ: ಒಂದು ವಿಡಿಯೋದಲ್ಲಿ ಫ್ರೇಮ್ ನಿಲ್ಲಿಸಿ, ಗೆರೆ ಹಾಕಿ, ಜಂಪ್ ಪೂರ್ತಿ ಸುತ್ತಿಲ್ಲ, ತೀರ್ಪುಗಾರರು ಮೋಸ ಮಾಡಿದರು ಅಂತ ತೋರಿಸಿದ್ದಾರೆ. ನಿಜವೇ?

ಉತ್ತರ: ಕ್ಯಾಮೆರಾ ಎಲ್ಲಿತ್ತು ಅಂತ ಗೊತ್ತಿಲ್ಲದೆ ಗೆರೆ ಹಾಕುವವರನ್ನು ನಂಬಬೇಡಿ. ಓರೆಯಿಂದ ತೆಗೆದ ಚಿತ್ರದಲ್ಲಿ ಕಾಲು ಸುತ್ತಿನ ಕೊರತೆ ಇದ್ದದ್ದು ಮಾಯವಾಗುತ್ತದೆ, ಇಲ್ಲದ್ದು ಹುಟ್ಟುತ್ತದೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಆರು ತಿಂಗಳಲ್ಲಿ ಟ್ರಿಪಲ್ ಆಕ್ಸೆಲ್ ಕೊಡಿಸುತ್ತೇನೆ ಅಂತ ಒಬ್ಬ ಕೋಚ್ ಹೇಳುತ್ತಿದ್ದಾರೆ. ಮನೆಯಲ್ಲಿ ಅಭ್ಯಾಸಕ್ಕೆ ಸ್ಪಿನ್ನರ್ ಹಲಗೆಯನ್ನೂ ಅವರೇ ಮಾರುತ್ತಾರೆ. ಸೇರಿಸಲೇ?

ಉತ್ತರ: ಬೇಡ. ಜಂಪ್‌ಗೆ ಕ್ಯಾಲೆಂಡರ್ ತೋರಿಸುವವರ ಹತ್ತಿರ ಮಕ್ಕಳನ್ನು ಬಿಡಬೇಡಿ. ಬೆಳೆಯುವ ಮೂಳೆ, ದಿನಕ್ಕೆ ಹತ್ತಾರು ಬಾರಿ ಒಂದೇ ಕಾಲಿನ ಮೇಲೆ ಇಳಿಯುವುದು. ಈ ವಿಷಯದಲ್ಲಿ ನಾನು ಹೆದರುಪುಕ್ಕ ಅಂತ ಅಂದುಕೊಂಡರೂ ಪರವಾಗಿಲ್ಲ. ಹಲಗೆ ಸುತ್ತುವುದನ್ನು ಕಲಿಸಬಹುದು, ಹಾರುವುದನ್ನೂ ಇಳಿಯುವುದನ್ನೂ ಅಲ್ಲ. ಹುಡುಗನಿಗೆ ಈ ವರ್ಷ ಎರಡೂ ಕಾಲಿನಲ್ಲಿ ಕೌಂಟರ್ ಬರಲಿ, ಸದ್ದಿಲ್ಲದೆ. ಮಂಡಿ ಅಥವಾ ಹಿಮ್ಮಡಿ ನೋವು ಅಂತ ಹೇಳಿದ ದಿನ ಜಂಪ್ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕೋಚ್‌ಗೆ ಆಮೇಲೆ ಹೇಳಿದರಾಯಿತು.