ಸಂಪಾದಕರ ಉತ್ತರ: ರಾತ್ರಿ ಶಾಲೆಯ ಪ್ರಾಜೆಕ್ಟಿಗೆ ಆಕರಗಳೆಲ್ಲಿ?

ಡೊಂಬಿವಲಿಯ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿರುವ ಅವರ ಮಗಳು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಕುರಿತು ಪ್ರಾಜೆಕ್ಟ್ ಸಲ್ಲಿಸಬೇಕಿದೆ. ಕನಿಷ್ಠ ಹತ್ತು ಆಕರಗಳಿರಬೇಕೆಂಬುದು ಪ್ರಾಧ್ಯಾಪಕರ ಸೂಚನೆ. ಅಂತರ್ಜಾಲದಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಎಐ ಚಾಟ್‌ಬಾಟ್ ಒಂದು ಕೊಟ್ಟ ಪುಸ್ತಕಗಳ ಪಟ್ಟಿಯನ್ನು ಹಿಡಿದು ಗ್ರಂಥಾಲಯಕ್ಕೆ ಹೋದರೆ ಅವುಗಳಲ್ಲಿ ಒಂದೂ ಇರಲಿಲ್ಲ. "ನಮ್ಮ ಮಕ್ಕಳಿಗೆ ನಮ್ಮ ವಿಷಯವೇ ಸಿಗದ ಮೇಲೆ ಈ ತಂತ್ರಜ್ಞಾನದಿಂದ ಏನು ಪ್ರಯೋಜನ? ಒಳ್ಳೆಯ ಜಾಲತಾಣಗಳ ಪಟ್ಟಿಯೊಂದನ್ನಾದರೂ ಪ್ರಕಟಿಸಿ" ಎಂದು ಅವರು ಕೇಳಿದ್ದಾರೆ.

ಮಾನ್ಯರೇ, ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ನಿಮ್ಮ ಮಗಳಿಗೆ ತೊಡಕಾಗಿರುವುದು ಪಟ್ಟಿಯ ಕೊರತೆಯಲ್ಲ, ಹುಡುಕುವ ಪದ. ಕಳೆದ ವರ್ಷ ನಮ್ಮ ಕಚೇರಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ 'ಮುಂಬಯಿ ಕನ್ನಡ ನೈಟ್ ಸ್ಕೂಲ್' ಎಂದು ಟೈಪಿಸಿ, ಏನೂ ಬರಲಿಲ್ಲವೆಂದು ಬೇಸರದಿಂದ ಮೊಬೈಲನ್ನು ಮೇಜಿನ ಮೇಲಿಟ್ಟ. ಈ ನಗರ ಅಧಿಕೃತವಾಗಿ ಮುಂಬಯಿ ಆದದ್ದು 1995ರಲ್ಲಿ. ಹಳೆಯ ಇಂಗ್ಲಿಷ್ ವರದಿಗಳಲ್ಲಿ ಅದು 'ಬಾಂಬೆ', ನಮ್ಮ ಭಾಷೆ 'ಕೆನರೀಸ್', ನಮ್ಮ ಊರು 'ಸೌತ್ ಕೆನರಾ'. 'ಬಾಂಬೆ' ಮತ್ತು 'ಕೆನರೀಸ್' ಎಂದು ಬದಲಿಸಿ ಹುಡುಕಿದಾಗ, ಹಳೆಯ ಪುಸ್ತಕಗಳನ್ನು ಉಚಿತವಾಗಿ ಓದಲು ಕೊಡುವ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಹಳೆಯ ಶಿಕ್ಷಣ ವರದಿಗಳು ಒಂದೊಂದಾಗಿ ಕಾಣಿಸಿಕೊಂಡವು. ಕನ್ನಡ ಲಿಪಿಯಲ್ಲಿ ಹುಡುಕುವಾಗಲೂ ಇಂಥದೇ ಅಡಚಣೆಯಿದೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕಗಳ ಪಿಡಿಎಫ್‌ನಲ್ಲಿ ಅಕ್ಷರಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅವು ಅರ್ಥವಿಲ್ಲದ ಚಿಹ್ನೆಗಳು; ಸ್ಕ್ಯಾನ್ ಮಾಡಿದ ಪುಟಗಳಂತೂ ಬರೀ ಚಿತ್ರಗಳು. ಆದ್ದರಿಂದ 'ಇಲ್ಲ' ಎಂದು ಪರದೆ ಹೇಳಿದ ಮಾತ್ರಕ್ಕೆ ಪುಸ್ತಕ ಇಲ್ಲವೆಂದಲ್ಲ. ಪರಿವಿಡಿಯನ್ನು ತೆರೆದು ಕಣ್ಣಿನಿಂದಲೇ ಓದಬೇಕು.

ಸಂಶೋಧನೆಯ ಬರಹಗಳಿಗೆ ಶೋಧಗಂಗಾದಿಂದ ಆರಂಭಿಸುವುದು ಒಳ್ಳೆಯದು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಸಂಸ್ಥೆಯಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಇಡೀ ಪ್ರಬಂಧವನ್ನು ಓದಬೇಕಾಗಿಲ್ಲ. ಮೊದಲು ಕೊನೆಯಲ್ಲಿರುವ ಗ್ರಂಥಸೂಚಿಯನ್ನು ತೆರೆದರೆ ಒಬ್ಬರು ವರ್ಷಗಟ್ಟಲೆ ಅಲೆದು ಕಂಡುಕೊಂಡ ದಾರಿ ಅಲ್ಲಿ ಸಿದ್ಧವಾಗಿರುತ್ತದೆ. ಅದೇ ಕೇಂದ್ರದ ಎನ್-ಲಿಸ್ಟ್ ಯೋಜನೆಗೆ ಕಾಲೇಜು ಸದಸ್ಯವಾಗಿದ್ದರೆ ಇ-ಪುಸ್ತಕ, ಇ-ನಿಯತಕಾಲಿಕೆಗಳನ್ನು ಮನೆಯಿಂದಲೇ ಓದಬಹುದು. ಲಾಗಿನ್ ಬೇಕೆಂದು ಗ್ರಂಥಪಾಲಕರನ್ನು ನಿಮ್ಮ ಮಗಳು ಸಂಕೋಚವಿಲ್ಲದೆ ಕೇಳಲಿ. ಕೇಳುವವರಿಲ್ಲದೆ ಈ ಸೌಲಭ್ಯ ಎಷ್ಟೋ ಕಡೆ ವ್ಯರ್ಥವಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಜಿಲ್ಲಾವಾರು ಕನ್ನಡ ಮಾತೃಭಾಷಿಕರ ಸಂಖ್ಯೆ ಬೇಕಿದ್ದರೆ 2011ರ ಜನಗಣತಿಯ ಸಿ-16 ಕೋಷ್ಟಕವನ್ನು ಇಳಿಸಿಕೊಳ್ಳಬಹುದು.

ಚಾಟ್‌ಬಾಟ್ ಕೊಟ್ಟ ಪಟ್ಟಿಯ ಬಗ್ಗೆ ಸ್ಪಷ್ಟವಾಗಿಯೇ ಹೇಳುತ್ತೇನೆ. ಅದು ಹೊಂದುವ ಮಾತುಗಳನ್ನು ಜೋಡಿಸುವ ಯಂತ್ರವೇ ಹೊರತು ಗ್ರಂಥಾಲಯದ ಸೂಚಿಯಲ್ಲ. ಹೀಗಾಗಿ ಇಲ್ಲದ ಪುಸ್ತಕಕ್ಕೂ ಲೇಖಕರ ಹೆಸರು, ಪ್ರಕಾಶನದ ವರ್ಷ ಎರಡನ್ನೂ ಕೊಟ್ಟುಬಿಡುತ್ತದೆ. ಕಠಿಣವಾದ ಇಂಗ್ಲಿಷ್ ಲೇಖನವನ್ನು ಅರ್ಥಮಾಡಿಕೊಳ್ಳಲು ಅದರ ನೆರವು ಪಡೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ತಾನು ತೆರೆದು ಓದದ ಯಾವ ಪುಸ್ತಕವೂ ನಿಮ್ಮ ಮಗಳ ಆಕರಗಳ ಪಟ್ಟಿಯಲ್ಲಿ ಬರಕೂಡದು.

ಇನ್ನು ಪರದೆಯಿಂದಾಚೆ ಇರುವುದು. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು. ಅವುಗಳ ಕಾಗದಪತ್ರಗಳು ಇಲ್ಲಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ಆದರೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪಾಠಕ್ಕೆ ಕೂರುತ್ತಿದ್ದ ಹುಡುಗರಲ್ಲಿ ಬಹಳಷ್ಟು ಮಂದಿ ಆ ಜಿಲ್ಲೆಯವರಾದರೂ ಅವರು ಕಲಿತ ಶಾಲೆಗಳು ಇದ್ದದ್ದು ಈ ನಗರದಲ್ಲಿ; ಹಾಗಾಗಿ ಅವುಗಳ ದಾಖಲೆಗಳನ್ನೂ ಇಲ್ಲೇ ಹುಡುಕಬೇಕು. ಪತ್ರಾಗಾರಕ್ಕೆ ಹೋಗುವಾಗ ಕಾಲೇಜಿನ ಪತ್ರವಿರಲಿ. ಕಲಿನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೂ ಒಮ್ಮೆ ಹೋಗಿಬರಲಿ. ಅದಕ್ಕಿಂತ ಮುಖ್ಯವಾಗಿ, ನಮ್ಮ ಸಂಘಗಳ ಬೀರುಗಳಲ್ಲಿರುವ ಬೆಳ್ಳಿಹಬ್ಬ, ಸುವರ್ಣಮಹೋತ್ಸವದ ಸ್ಮರಣ ಸಂಚಿಕೆಗಳನ್ನು ನೋಡಲಿ. ಶಿಕ್ಷಕರ ಹೆಸರು, ಬ್ಯಾಚಿನ ಫೋಟೊ, ದೇಣಿಗೆದಾರರ ಪಟ್ಟಿಗಳೆಲ್ಲ ಅಂಥ ಸಂಚಿಕೆಗಳಲ್ಲೇ ಸಿಗುವಂಥವು.

ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ನಿಮ್ಮ ಕಟ್ಟಡದಲ್ಲೇ ಇರಬಹುದು. ಅವರ ಅನುಮತಿ ಪಡೆದು, ಫ್ಯಾನು ಆರಿಸಿ, ಮೊಬೈಲನ್ನು ಅವರ ಹತ್ತಿರವಿಟ್ಟು ಮಾತನ್ನು ಧ್ವನಿಮುದ್ರಿಸಲಿ. ಆರಂಭದಲ್ಲೇ ದಿನಾಂಕ, ಸ್ಥಳ, ಹೆಸರು ಹೇಳಿಸಲಿ. ಅಂದೇ ಇನ್ನೊಂದು ಕಡೆ ಪ್ರತಿ ಇಡಲಿ. ಅದೂ ಒಂದು ಆಕರವೇ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ವರ್ಷವಾರು ರಟ್ಟು ಕಟ್ಟಿಸಿ ಇಟ್ಟಿದ್ದೇವೆ. ಶನಿವಾರ ಮಧ್ಯಾಹ್ನ ಮಗಳನ್ನು ಕಳುಹಿಸಿಕೊಡಿ. ಪುಟಗಳು ಒಣಗಿ ಮುರಿಯುವಂತಿರುವುದರಿಂದ ಜೆರಾಕ್ಸ್ ಮಾಡಿಸಲಾಗದು, ಫೋಟೊ ತೆಗೆದುಕೊಳ್ಳಬಹುದು.