ಆಕಾಶ ಒಂದೇ, ಅಳತೆ ಎರಡು: ಓದುಗರ ವಿಜ್ಞಾನ ಪ್ರಶ್ನೆಗಳು

ಪ್ರಶ್ನೆ: ವಿಶ್ವ ಹಿಗ್ಗುವ ದರ 67 ಎಂದು ಕೆಲವರು, 73 ಎಂದು ಕೆಲವರು ಹೇಳುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಗದ್ದಲವೇಕೆ? (ಓದುಗರು, ಡೊಂಬಿವಲಿ)

ಉತ್ತರ: ವ್ಯತ್ಯಾಸ ಸಣ್ಣದೇ ಇರಬಹುದು. ಆದರೆ ಎರಡೂ ಕಡೆಯವರ ಅಳತೆಯ ದೋಷ ಅದಕ್ಕಿಂತಲೂ ಬಹಳ ಸಣ್ಣದು. ಗದ್ದಲ ಅದಕ್ಕೇ.

ಮೊದಲು ಲೆಕ್ಕದ ಅರ್ಥ ನೋಡೋಣ. ನಮ್ಮಿಂದ ಒಂದು ಮೆಗಾಪಾರ್ಸೆಕ್, ಅಂದರೆ 32.6 ಲಕ್ಷ ಜ್ಯೋತಿರ್ವರ್ಷ ದೂರ ಹೆಚ್ಚಿದಂತೆಲ್ಲ ಗೆಲಾಕ್ಸಿಗಳು ದೂರ ಸರಿಯುವ ವೇಗ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಹೆಚ್ಚುತ್ತದೆ ಎಂಬುದೇ ಈ ಸಂಖ್ಯೆ. ಇದಕ್ಕೆ ಹಬಲ್ ಸ್ಥಿರಾಂಕ ಎಂದು ಹೆಸರು. ಮಹಾಸ್ಫೋಟವಾಗಿ 3.8 ಲಕ್ಷ ವರ್ಷಕ್ಕೆ ಹೊರಟ ಹಿನ್ನೆಲೆ ವಿಕಿರಣವನ್ನು ಪ್ಲಾಂಕ್ ಉಪಗ್ರಹ ಅಳೆದು ಕೊಟ್ಟದ್ದು 67.4, ದೋಷ 0.5. ಸೂಪರ್ನೋವಾಗಳ, ಅಂದರೆ ಸ್ಫೋಟಿಸುವ ನಕ್ಷತ್ರಗಳ, ದೂರ ಅಳೆದ ತಂಡ 2022ರಲ್ಲಿ ಕೊಟ್ಟದ್ದು 73.04, ದೋಷ 1.04. ಎರಡರ ನಡುವಿನ ಅಂತರ ಆ ದೋಷಗಳನ್ನು (ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದು) ಸೇರಿಸಿದರೂ ಅದರ ಸುಮಾರು ಐದು ಪಟ್ಟು.

ಒಂದು ಮಾತನ್ನು ಸುದ್ದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. 67.4 ಎಂಬುದು ಇಂದಿನ ವೇಗದ ನೇರ ಅಳತೆಯಲ್ಲ. ಬಾಲ್ಯದ ವಿಶ್ವವನ್ನು ಅಳೆದು, ಅಲ್ಲಿಂದ ಇಂದಿನವರೆಗೆ ಸಿದ್ಧಾಂತವನ್ನು ನಂಬಿ ಲೆಕ್ಕ ಹಾಕಿ ಬಂದ ಉತ್ತರ ಅದು. 73 ಇಂದಿನ ವಿಶ್ವದಲ್ಲೇ ಅಳೆದದ್ದು, ಆದರೆ ಅದಕ್ಕೆ ಮೂರು ಮೆಟ್ಟಿಲು ಹತ್ತಬೇಕು. ಹತ್ತಿರದ ಸೆಫೀಡ್ ನಕ್ಷತ್ರಗಳ (ಹೊಳಪು ನಿಯಮಿತವಾಗಿ ಏರಿಳಿಯುವ ನಕ್ಷತ್ರಗಳ) ದೂರ, ಅದರ ಮೇಲೆ ಸೂಪರ್ನೋವಾದ ನಿಜವಾದ ಹೊಳಪು, ಅದರ ಮೇಲೆ ದೂರದ ಸೂಪರ್ನೋವಾಗಳು. ಕೆಳಗಿನ ಮೆಟ್ಟಿಲು ವಾಲಿದರೆ ಮೇಲಿನದೆಲ್ಲ ವಾಲುತ್ತದೆ.

ಎಲ್ಲರಿಗೂ ಮೊದಲು ಅನುಮಾನ ಬಂದದ್ದು ಸೆಫೀಡ್‌ಗಳ ಮೇಲೆ. ರಾತ್ರಿ ಲೋಕಲ್ ರೈಲಿನಿಂದ ನೋಡಿದರೆ ದೂರದ ಕಟ್ಟಡದ ನಾಲ್ಕು ಕಿಟಕಿಗಳ ಬೆಳಕು ಕೂಡಿ ಒಂದೇ ದೀಪದಂತೆ ಕಾಣುತ್ತದಲ್ಲವೇ? ಹಾಗೆಯೇ ಪಕ್ಕದ ನಕ್ಷತ್ರಗಳ ಬೆಳಕು ಬೆರೆತರೆ ಸೆಫೀಡ್ ಇರುವುದಕ್ಕಿಂತ ಪ್ರಕಾಶವಾಗಿ ಕಾಣುತ್ತದೆ, ದೂರ ಕಡಿಮೆ ಎನಿಸುತ್ತದೆ, ವೇಗದ ಸಂಖ್ಯೆ ಏರುತ್ತದೆ. ಜೇಮ್ಸ್ ವೆಬ್ ದೂರದರ್ಶಕ ಅವಕೆಂಪು ಬೆಳಕಿನಲ್ಲಿ ಇನ್ನೂ ಚೂಪಾಗಿ ನೋಡಿದಾಗಲೂ ಸೆಫೀಡ್ ದೂರಗಳು ಹಬಲ್ ದೂರದರ್ಶಕದವಕ್ಕೆ ಹೊಂದಿದವು. ಆ ಅನುಮಾನ ಅಲ್ಲಿಗೆ ತೀರಿತು. ಆದರೆ ಕೆಂಪು ದೈತ್ಯ ನಕ್ಷತ್ರಗಳನ್ನು ಮೆಟ್ಟಿಲಾಗಿ ಬಳಸುವ ಇನ್ನೊಂದು ತಂಡದ ಉತ್ತರ 70ರ ಆಸುಪಾಸಿನಲ್ಲಿದೆ. ಏಣಿ ಹತ್ತುವವರೇ ಒಮ್ಮತಕ್ಕೆ ಬರುವವರೆಗೆ ‘ಹೊಸ ಭೌತಶಾಸ್ತ್ರ ಸಿಕ್ಕಿತು’ ಎಂದು ಹೇಳುವುದು ಅವಸರ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಪುಣೆಯ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮಹಾಸ್ಫೋಟವನ್ನು ಕೊನೆಯವರೆಗೂ ಒಪ್ಪಲಿಲ್ಲ. ಈಗ ಅವರ ಮಾತೇ ನಿಜವಾಯಿತೇ? (ಓದುಗರು, ಔಂಧ್, ಪುಣೆ)

ಉತ್ತರ: ಇಲ್ಲ. 67 ಮತ್ತು 73 ಎರಡೂ ವಿಶ್ವ ಹಿಗ್ಗುತ್ತಿದೆ ಎಂದೇ ಹೇಳುತ್ತವೆ, ತಕರಾರು ದರದ ಬಗ್ಗೆ ಮಾತ್ರ. 2.725 ಕೆಲ್ವಿನ್ ಹಿನ್ನೆಲೆ ವಿಕಿರಣ, ದ್ರವ್ಯದಲ್ಲಿ ಸುಮಾರು ಕಾಲು ಭಾಗ ಹೀಲಿಯಂ, ಇವೆರಡನ್ನೂ ಮಹಾಸ್ಫೋಟ ಸಿದ್ಧಾಂತ ಸಹಜವಾಗಿ ವಿವರಿಸುತ್ತದೆ. ನಾರಳೀಕರರ ಪರ್ಯಾಯ ಮಾದರಿಗೆ ಅಲ್ಲೇ ಕಷ್ಟವಾಗಿತ್ತು. ಆದರೆ ಬಹುಮತದ ಸಿದ್ಧಾಂತಕ್ಕೆ ಅಂಕಿಅಂಶ ಹಿಡಿದು ಸವಾಲು ಹಾಕುವ ಅವರ ರೀತಿ ದೊಡ್ಡದು. ಅವರು ಕಟ್ಟಿದ ಪುಣೆಯ ಖಗೋಳವಿಜ್ಞಾನ ಕೇಂದ್ರ ಐಯುಕಾದ ಅಂಗಳದಲ್ಲಿ ಅದನ್ನು ಮರೆಯಬಾರದು.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. ಈ 73ನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಲೆಕ್ಕ ಹಾಕಬಹುದೇ? (ಓದುಗರು, ಕೋಥ್ರೂಡ್, ಪುಣೆ)

ಉತ್ತರ: ಖಂಡಿತ, ಒಂದು ಭಾನುವಾರ ಸಾಕು. ಪ್ಯಾಂಥಿಯನ್ ಪ್ಲಸ್ ಎಂಬ ಸೂಪರ್ನೋವಾ ಪಟ್ಟಿ ಸಾರ್ವಜನಿಕವಾಗಿದೆ. ಅದರಿಂದ ಕೆಂಪುಪಲ್ಲಟ (z, ಬೆಳಕು ಕೆಂಪಿನ ಕಡೆ ಎಷ್ಟು ಸರಿದಿದೆ ಎಂಬುದು) ಮತ್ತು ಸೆಫೀಡ್‌ಗೆ ಹೊಂದಿಸಿದ ದೂರಾಂಕ (μ, ಹೊಳಪಿನಿಂದ ತಿಳಿದ ದೂರದ ಅಳತೆ), ಈ ಎರಡು ಕಾಲಂ ತೆಗೆದುಕೊಳ್ಳಿ. z 0.023ರಿಂದ 0.15ರ ಒಳಗಿನ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಿ. ದೂರ ಮೆಗಾಪಾರ್ಸೆಕ್‌ನಲ್ಲಿ ಬೇಕಾದರೆ μನಿಂದ 25 ಕಳೆದು, 5ರಿಂದ ಭಾಗಿಸಿ, ಬಂದದ್ದನ್ನು 10ರ ಘಾತವಾಗಿ ಏರಿಸಿ. ವೇಗಕ್ಕೆ zಅನ್ನು 2,99,792ರಿಂದ (ಸೆಕೆಂಡಿಗೆ ಕಿ.ಮೀ.ನಲ್ಲಿ ಬೆಳಕಿನ ವೇಗ) ಗುಣಿಸಿ, ಮತ್ತೆ ಹಿಗ್ಗುವ ದರ ಕಾಲಕ್ಕೆ ಬದಲಾಗುವುದರ ತಿದ್ದುಪಡಿಯಾದ (1 + 0.78z)ನಿಂದ ಗುಣಿಸಿ. ದೂರ ಅಡ್ಡಕ್ಕೆ, ವೇಗ ಉದ್ದಕ್ಕೆ ಹಾಕಿ ಸೊನ್ನೆಯಿಂದ ಗೆರೆ ಎಳೆದರೆ ಅದರ ಇಳಿಜಾರೇ ನಿಮ್ಮ ಉತ್ತರ.

ಎಡವುವುದು ಸಾಮಾನ್ಯವಾಗಿ ಮೂರು ಕಡೆ. (1 + 0.78z) ಮರೆತರೆ 0.15ರ ಹತ್ತಿರ ವೇಗ ಹತ್ತಕ್ಕೊಂದು ಪಾಲಿಗಿಂತಲೂ ಜಾಸ್ತಿ ಇಳಿದು ಗೆರೆ ಬಾಗುತ್ತದೆ. 0.023ಕ್ಕಿಂತ ಹತ್ತಿರದವನ್ನು ಸೇರಿಸಿದರೆ ಗೆಲಾಕ್ಸಿಗಳ ಸ್ವಂತ ಓಡಾಟ, ಸೆಕೆಂಡಿಗೆ 300 ಕಿ.ಮೀ.ನಷ್ಟು, ಲೆಕ್ಕ ಕೆಡಿಸುತ್ತದೆ. z 0.01 ಇದ್ದಲ್ಲಿ ಹಿಗ್ಗುವ ವೇಗವೇ 3000, ಅಂದರೆ ಶೇ. 10 ತಪ್ಪು. ಮೂರನೆಯದು, ಪಟ್ಟಿಯ 1701 ಸಾಲುಗಳಲ್ಲಿ ಸೂಪರ್ನೋವಾಗಳು 1550 ಮಾತ್ರ. ಒಂದನ್ನೇ ಎರಡು ಸಲ ಎಣಿಸಿದರೆ ದೋಷ ಇರುವುದಕ್ಕಿಂತ ಕಡಿಮೆ ಎಂದು ಕಾಣುತ್ತದೆ.

ಈಗ ಎಲ್ಲ μಗಳಿಗೂ 0.17 ಕೂಡಿಸಿ ಮತ್ತೆ ಗೆರೆ ಎಳೆಯಿರಿ. 73 ಹೋಗಿ 67.5ರ ಹತ್ತಿರ ಬರುತ್ತದೆ. ಇಡೀ ತಕರಾರು ಆ 0.17ರಲ್ಲಿ ಅಡಗಿದೆ. ಹೊಳಪಿನ ಲೆಕ್ಕದಲ್ಲಿ ಅದು ಸುಮಾರು ಶೇ. 17. ಇದನ್ನು ಕೈಯಾರೆ ಮಾಡಿ ನೋಡಿದವರಿಗೆ ಮಾತ್ರ ಅದು ಎಷ್ಟು ನಾಜೂಕು ಎಂದು ತಿಳಿಯುತ್ತದೆ.

ಪ್ರಶ್ನೆ: ‘ಐದು ಸಿಗ್ಮಾ’ ಎಂದರೇನು? (ಓದುಗರು, ವಾಸ್ಕೊ, ಗೋವಾ)

ಉತ್ತರ: ಸಿಗ್ಮಾ ಎಂದರೆ ಅಳತೆಯ ದೋಷದ ಒಂದು ಪಾಲು. ಮೇಲೆ ‘ಸುಮಾರು ಐದು ಪಟ್ಟು’ ಎಂದದ್ದೇ ಐದು ಸಿಗ್ಮಾ. ಹೊಸದೇನೂ ಇಲ್ಲದೆ ಬರೀ ಆಕಸ್ಮಿಕವಾಗಿ ಅಷ್ಟು ವ್ಯತ್ಯಾಸ ಬರುವ ಸಾಧ್ಯತೆ ಮೂರು ಸಿಗ್ಮಾದಲ್ಲಿ 370ಕ್ಕೆ ಒಂದು, ಐದರಲ್ಲಿ 17 ಲಕ್ಷಕ್ಕೆ ಒಂದು. ಆದರೆ ಉಪಕರಣದ ತಪ್ಪು ಇದರ ಲೆಕ್ಕಕ್ಕೆ ಬರುವುದಿಲ್ಲ. 2011ರಲ್ಲಿ ಒಪೇರಾ ಪ್ರಯೋಗದಲ್ಲಿ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮುಂಚೆ ಬಂದವು ಎಂದಾಗ ಅದೂ ಆರು ಸಿಗ್ಮಾ ಇತ್ತು. ಕೊನೆಗೆ ಸಿಕ್ಕಿದ ಮುಖ್ಯ ಕಾರಣ, ಸರಿಯಾಗಿ ಬಿಗಿಯದ ಒಂದು ಫೈಬರ್ ಕೇಬಲ್.

ಪ್ರಶ್ನೆ: ನಮ್ಮೂರು ಸಾಗರದ ಕಡೆ. ಶರಾವತಿ ಹಿನ್ನೀರಿನಲ್ಲಿ ರೇಡಿಯೋ ಉಪಕರಣ ತೇಲಿಬಿಟ್ಟಿದ್ದರಂತೆ. ಪುಣೆ ಬಳಿಯ ಖೋಡದ್‌ನಲ್ಲಿ ಅಷ್ಟು ದೊಡ್ಡ ರೇಡಿಯೋ ದೂರದರ್ಶಕ ಜಿಎಂಆರ್‌ಟಿ ಇರುವಾಗ ನೀರಿನ ಮೇಲೆ ಯಾಕೆ? (ಓದುಗರು, ಚಿಂಚವಾಡ)

ಉತ್ತರ: ಒಳ್ಳೆಯ ಪ್ರಶ್ನೆ. 2018ರಲ್ಲಿ ಆಸ್ಟ್ರೇಲಿಯಾದ ಎಡ್ಜಸ್ ಎಂಬ ಉಪಕರಣ 78 ಮೆಗಾಹರ್ಟ್ಸ್ ಬಳಿ, ನಮ್ಮ ಎಫ್‌ಎಂ ಪಟ್ಟಿಗಿಂತ ಸ್ವಲ್ಪ ಕೆಳಗೆ, ಆಕಾಶದ ರೇಡಿಯೋ ಸಂಕೇತದಲ್ಲಿ ಒಂದು ತಗ್ಗು ಕಂಡಿತು. ಮೊದಲ ನಕ್ಷತ್ರಗಳು ಹೊತ್ತಿದ ಕಾಲದ ಹೈಡ್ರೋಜನ್ನಿನ ಗುರುತು ಅದು ಎಂದರು. ಸಿದ್ಧಾಂತ ಹೆಚ್ಚೆಂದರೆ 0.2 ಕೆಲ್ವಿನ್ ಆಳ ಹೇಳುತ್ತಿತ್ತು (ರೇಡಿಯೋ ಸಂಕೇತದ ಬಲವನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳುತ್ತಾರೆ), ಕಂಡದ್ದು 0.5. ಬೆಳಕು ಬೀರದ ಕಪ್ಪು ದ್ರವ್ಯವೇ ಹೈಡ್ರೋಜನ್ನನ್ನು ತಣ್ಣಗೆ ಮಾಡಿತೇ ಎಂಬ ಲೇಖನಗಳು ಬಂದವು.

ಆದರೆ ಅದೇ ಆವರ್ತನದಲ್ಲಿ ಆಕಾಶದ ಸ್ವಂತ ಗದ್ದಲ ಸಾವಿರಾರು ಕೆಲ್ವಿನ್. ಅದರಲ್ಲಿ ಅರ್ಧ ಕೆಲ್ವಿನ್ ಹುಡುಕುವಾಗ ಆಂಟೆನಾದ ಕೆಳಗಿನ ನೆಲವೂ ಮೋಸ ಮಾಡುತ್ತದೆ. ಮಣ್ಣಿನಡಿ ಬಂಡೆ, ತೇವದ ಪದರ, ನೆಲದ ಮೇಲೆ ಹಾಸಿದ ಲೋಹದ ಬಲೆಯ ಅಂಚು, ಇವುಗಳಿಂದ ತಿರುಗಿ ಬಂದ ಅಲೆ ಕೆಲವು ಆವರ್ತನದಲ್ಲಿ ಕೂಡಿ, ಕೆಲವಲ್ಲಿ ಕಳೆದು, ಸುಳ್ಳು ತಗ್ಗು ಮೂಡಿಸಬಲ್ಲದು. ನೀರಾದರೆ ಎಲ್ಲ ಕಡೆ ಒಂದೇ ಸಮ. ಅದಕ್ಕೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್-3 ಎಂಬ ಶಂಕುವಿನಾಕಾರದ ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ: ಆ ತಗ್ಗು ಕಾಣಲಿಲ್ಲ, ಶೇ. 95.3 ವಿಶ್ವಾಸದಲ್ಲಿ ಅದನ್ನು ತಳ್ಳಿಹಾಕಬಹುದು. ಇದೂ ಸುಮಾರು ಎರಡು ಸಿಗ್ಮಾ ಮಾತ್ರ, ಅದನ್ನೂ ಗಮನದಲ್ಲಿಡಬೇಕು.

ಜಿಎಂಆರ್‌ಟಿಯಲ್ಲಿ 45 ಮೀಟರಿನ 30 ಡಿಶ್‌ಗಳಿವೆ ನಿಜ. ಅವು ಪರಸ್ಪರ ಹೋಲಿಸಿ, ಆಕಾಶದಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುವುದನ್ನು ಚೆನ್ನಾಗಿ ಹಿಡಿಯುತ್ತವೆ. ಇಡೀ ಆಕಾಶಕ್ಕೆ ಒಂದೇ ಸಮನಾಗಿ ಹರಡಿದ ಸಂಕೇತ ಆ ಹೋಲಿಕೆಯಲ್ಲೇ ಅಳಿಸಿಹೋಗುತ್ತದೆ. ಅದನ್ನು ಹಿಡಿಯಲು ಒಂಟಿ ಆಂಟೆನಾ ಬೇಕು, ಅದರ ಕೆಳಗೆ ನಂಬಬಹುದಾದ ತಳ ಬೇಕು. ಆ ತಳ ನಿಮ್ಮೂರ ಕಡೆಯ ನೀರಿನಲ್ಲಿ ಸಿಕ್ಕಿತು.