ಆನ್ ಇರುವ ಆಂಟೆನಾ ಮುಂದೆ ಕೆಲಸ, ಮಕ್ಕಳಾಗಲು ತೊಂದರೆ ಆಗುತ್ತಾ?

ಪ್ರಶ್ನೆ: ನಾನು ಪೀಣ್ಯ, ಜಾಲಹಳ್ಳಿ ಕಡೆ ಟೆರೇಸ್‌ಗಳ ಮೇಲಿನ ಮೊಬೈಲ್ ಆಂಟೆನಾ ಕಟ್ಟುವ ಕೆಲಸ ಮಾಡುತ್ತೇನೆ. ಎಷ್ಟೋ ಸಲ ಸೈಟ್ ಆಫ್ ಮಾಡುವುದೇ ಇಲ್ಲ. ಸಂಜೆ ತಲೆನೋವು ಬರುತ್ತೆ. ಮದುವೆಯಾಗಿ ಎರಡು ವರ್ಷ ಆಯ್ತು, ಮಕ್ಕಳಾಗಿಲ್ಲ. ರೇಡಿಯೇಶನ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ಮನೆಯಲ್ಲೂ ಹೆದರಿದ್ದಾರೆ. ಕೆಲಸ ಬಿಡಲಾ ಸರ್?

ಉತ್ತರ: ಕೆಲಸ ಬಿಡಬೇಕಾಗಿಲ್ಲ. ಆದರೆ ಆನ್ ಇರುವ ಆಂಟೆನಾ ಮುಂದೆ ನಿಲ್ಲುವುದನ್ನು ಇವತ್ತೇ ಬಿಡಿ.

ಆಂಟೆನಾದಿಂದ ಬರುವುದು ಮೈಕ್ರೋವೇವ್, ಅದು ಎಕ್ಸ್‌ರೇ ಥರದ್ದಲ್ಲ. ಡಿಎನ್‌ಎ ಮುರಿಯುವಷ್ಟು ಶಕ್ತಿ ಅದಕ್ಕೆ ಇಲ್ಲ. ಅದು ಮಾಂಸಖಂಡದ ಒಳಗೆ ಹೋಗಿ ಬಿಸಿ ಮಾಡುತ್ತದೆ, ನಮಗೆ ಗೊತ್ತಿರುವ ಅಪಾಯ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಇದನ್ನು ‘ಕ್ಯಾನ್ಸರ್ ತರಬಹುದು’ ಅನ್ನುವ ಪಟ್ಟಿಗೆ ಸೇರಿಸಿದ್ದು ನಿಜ, ಆದರೆ ಪುರಾವೆ ಕಡಿಮೆ ಅಂತ ಅವರೇ ಹೇಳಿದ್ದಾರೆ. ಆ ಭಯದಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಬಿಸಿ ತಡೆಯದ ಜಾಗ ಮೈಯಲ್ಲಿ ಎರಡಿವೆ. ಕಣ್ಣಿನ ಮಸೂರದಲ್ಲಿ ರಕ್ತನಾಳವೇ ಇಲ್ಲ, ಹಾಗಾಗಿ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ತುಂಬಾ ಜಾಸ್ತಿ ಬಿದ್ದರೆ ಪೊರೆ ಬರಬಹುದು. ಇನ್ನೊಂದು ವೃಷಣ. ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೇ ಅಲ್ಲಿ ವೀರ್ಯಾಣು ಸರಿಯಾಗಿ ಆಗುವುದು. ಆದರೂ ಮಕ್ಕಳಾಗದ್ದನ್ನು ಟವರ್ ತಲೆಗೇ ಕಟ್ಟಬೇಡಿ. ಮೊದಲು ನಿಮ್ಮ ವೀರ್ಯ ಪರೀಕ್ಷೆ ಮಾಡಿಸಿ, ಹೆಂಡತಿಯನ್ನು ಮಾತ್ರ ಆಸ್ಪತ್ರೆಗೆ ಅಲೆಸುವುದು ಅನ್ಯಾಯ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಆದ್ದರಿಂದ ವರದಿ ಸ್ವಲ್ಪ ಕೆಟ್ಟಿದ್ದರೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿಸಿ. ಕಣ್ಣನ್ನು ಮಿಂಟೋ ಕಣ್ಣಾಸ್ಪತ್ರೆಯಲ್ಲಿ ತೋರಿಸಿ, ನಿಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ತಲೆನೋವಿಗೆ ಬಿಸಿಲು, ಕುಡಿಯದ ನೀರು, ದಿನವಿಡೀ ಹಾಕಿಕೊಂಡಿರುವ ಹೆಲ್ಮೆಟ್ ಕಾರಣ ಇರುವ ಸಾಧ್ಯತೆಯೇ ಹೆಚ್ಚು. ನೀರು ಕುಡಿದರೂ ಕಡಿಮೆಯಾಗದಿದ್ದರೆ ಬಿಪಿ ನೋಡಿಸಿ.

ಈಗ ಕೆಲಸದ ವಿಷಯ. ಎಲ್ಲರೂ ಹೆದರುವುದು ಡ್ರಮ್ ಥರದ ಗುಂಡಗಿನ ಡಿಶ್‌ಗೆ. ಸಾಮಾನ್ಯವಾಗಿ ಅದರ ಪವರ್ ಕಡಿಮೆ, ಕಿರಣವೂ ಸಣ್ಣದು, ನೇರ ಇನ್ನೊಂದು ಟವರಿಗೆ ಹೋಗುತ್ತದೆ. ಉದ್ದಕ್ಕೆ, ಚಪ್ಪಟೆಯಾಗಿರುವ ಪ್ಯಾನಲ್‌ಗೆ ಹತ್ತಾರು ವಾಟ್ ಹೋಗುತ್ತದೆ, 5ಜಿಯದ್ದಕ್ಕೆ ಇನ್ನೂ ಜಾಸ್ತಿ. ಅದರ ಹಿಂದೆ ಇದ್ದರೆ ಬಹಳ ಕಡಿಮೆ ಬೀಳುತ್ತದೆ, ಎದುರಿಗೆ ಒಂದು ಮಾರು ದೂರದಲ್ಲಿ ನಿಂತು ಬೋಲ್ಟ್ ಬಿಗಿ ಮಾಡುವುದು ಬೇರೆಯೇ ಮಾತು. ಬಿಸಿ ಅನ್ನಿಸಿದಾಗ ಸರಿದರಾಯ್ತು ಅಂದುಕೊಳ್ಳಬೇಡಿ, ಒಳಗೆ ಆಗುವ ಬಿಸಿ ಚರ್ಮಕ್ಕೆ ತಡವಾಗಿ ಗೊತ್ತಾಗುತ್ತೆ.

ಭಾರತದಲ್ಲಿ 2012ರಲ್ಲಿ ಟವರ್ ರೇಡಿಯೇಶನ್ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರು. ಆದರೆ ಅದು ಜನ ಓಡಾಡುವ ಜಾಗಕ್ಕೆ ಹಾಕಿದ ಲೆಕ್ಕ. ಪ್ಯಾನಲ್ ಎದುರಿಗೆ ನೇತಾಡುವ ನಿಮ್ಮನ್ನು ಅದು ಕಾಯುವುದಿಲ್ಲ.

‘ಐದು ನಿಮಿಷದ ಕೆಲಸ, ನೆಟ್‌ವರ್ಕ್ ಹೋಗುತ್ತೆ, ಹಾಗೇ ಮಾಡಿ’ ಅಂದರೆ ಒಪ್ಪಬೇಡಿ. ಆ ಸೆಕ್ಟರ್, ಅಂದರೆ ಆ ದಿಕ್ಕಿನ ಪ್ಯಾನಲ್‌ಗಳು, ಆಫ್ ಆಗಿದೆ ಅಂತ ಫೋನಲ್ಲಿ ಖಾತ್ರಿ ಮಾಡಿಕೊಂಡೇ ಹತ್ತಿ. ರೇಡಿಯೇಶನ್ ಜಾಸ್ತಿಯಾದರೆ ಎಚ್ಚರಿಸುವ, ಎದೆಗೆ ಸಿಕ್ಕಿಸುವ ಆರ್‌ಎಫ್ ಮಾನಿಟರ್ ಕೊಡಿ ಅಂತ ಕೇಳಿ. ಒಂದೇ ಟೆರೇಸ್ ಮೇಲೆ ಎರಡು ಮೂರು ಕಂಪನಿಯ ಆಂಟೆನಾ ಇರುತ್ತವಲ್ವಾ, ನಿಮ್ಮದು ಆಫ್ ಆದರೂ ಪಕ್ಕದವರದ್ದು ಉರಿಯುತ್ತಲೇ ಇರುತ್ತದೆ, ಅದನ್ನೂ ಕೇಳಿಕೊಳ್ಳಿ.